ತಗಡಿನ ಹಂಸ

“ಮಾಸ್ತರ್ರ, ನಿಮ್ಮ ಕಾಲಿಗೆ ಬೀಳ್ತೀನ್ರಿ. ಬೇರೆ ಏನ್ ಬೇಕಾದ್ರೂ ಒಯ್ರಿ. ಆ ಬಾಗಲದಾಗಿನ ಮೊಳಿ ಮಾತ್ರ ಕೀಳಬ್ಯಾಡ್ರಿ.”

ಪ್ರಭಂಜನ ಇಕ್ಕಳ ಹಿಡಿದವನು ಹಾಗೆಯೇ ತಿರುಗಿ ನೋಡಿದ. ಯರಗುಪ್ಪಿ ಹಳ್ಳದ ದಂಡೆ. ಜಾಲಿಕಂಟಿಗಳ ನಡುವೆ ಒಂದು ಬಾಡಿಗೆ ಕಾರು ಅರ್ಧ ಗಾಲಿಯವರೆಗೆ ಎರೆಮಣ್ಣಿನಲ್ಲಿ ಹೂತು ಎಷ್ಟೋ ವರ್ಷಗಳಿಂದ ನಿಂತಿತ್ತು. ಅದರ ಹಿಂದಿನ ಬಾಗಿಲಿನ ಅಂಚಿನುದ್ದಕ್ಕೂ ಕರಿದಾರ ಸುತ್ತಿದ ಮೊಳೆಗಳು. ಹೊಲದಿಂದ ಓಡಿ ಬಂದ ಮುದುಕಿ ಗುರವ್ವ ಏದುಸಿರು ಬಿಡುತ್ತಿದ್ದಳು.

“ನನ್ನ ಮಗಳು ರೇವವ್ವ ಇದರಾಗಽ ಸತ್ಲರಿ. ಹೆರಿಗಿಗೆ ಹುಬ್ಬಳ್ಳಿಗೆ ಹೊಂಟಿದ್ವಿ. ಮಳಿ ಹೊಡೀತು, ಗಾಲಿ ಹುಗದ್ವು. ಹೊಟ್ಟ್ಯಾಗಿನ ಕೂಸೂ ಉಳೀಲಿಲ್ಲ. ಎದಿಯಾಗ ಹಾಲು ಬಂದಿತ್ರಿ ಆಕಿಗೆ.”

ಬಸುರಿ ಸತ್ತರೆ ಆ ಮನೆಯ ಹೊಸ್ತಿಲಿಗೆ ಮೊಳೆ ಬಡಿಯುವುದು ಆ ಕಡೆಯ ರೂಢಿ. ಇಲ್ಲದಿದ್ದರೆ ಸತ್ತವಳು ಕೂಸು ಹುಡುಕಿಕೊಂಡು ಊರೊಳಗೆ ಬರುತ್ತಾಳೆ. ರೇವವ್ವ ಕಾರಿನಲ್ಲಿ ಸತ್ತದ್ದರಿಂದ ಕಾರಿನ ಬಾಗಿಲಿಗೇ ಬಡಿದಿದ್ದರು.

“ಮಂತ್ರಗಾರನ್ನ ಕರಸಿ ನಾನಽ ಬಡಿಸೀನ್ರಿ. ಮೊಳಿ ಕಿತ್ತವರ ಮನಿ ಕೂಸು ಆಕಿ ಪಾಲಾಗತೈತಿ ಅಂತ ಕಟ್ಟಿ ಹಾಕ್ಯಾನ.”

“ತುಕ್ಕು ಹಿಡದ ಮೊಳೀಗೆ ಇಷ್ಟು ಅಂಜತೀಯಲ್ಲಬೇ!” ಪ್ರಭಂಜನ ನಕ್ಕ. “ಬರೇ ಮೊಳಿ ಅಲ್ಲ, ಬಾಗಲಾನೂ ಒಯ್ತೀನಿ ನೋಡು.”

ಒಂದೊಂದೇ ಮೊಳೆ ಕಿರುಗುಟ್ಟುತ್ತ ಹೊರಬಂತು. ಅವನು ಅವನ್ನು ಹಳ್ಳದ ಕೆಸರಿಗೆ ಎಸೆದ. ಬಾಗಿಲು ತೆರೆದಾಗ ಒಳಗಿನಿಂದ ಬೆಚ್ಚಗಿನ ವಾಸನೆಯೊಂದು ಮುಖಕ್ಕೆ ಹೊಡೆಯಿತು. ಪೆಟ್ರೋಲು, ಹಸಿಮಣ್ಣು, ಹಳಸಿದ ಹಾಲು. ಗುರವ್ವ ಮತ್ತೆ ತಡೆಯಲಿಲ್ಲ. ಖಾಲಿ ಸೀಟಿನ ಕಡೆ ಬಗ್ಗಿ, ಮಲಗಿದ ಮಗುವನ್ನು ಎಬ್ಬಿಸುವಷ್ಟು ಮೆಲ್ಲಗೆ ಕರೆದಳು.

“ರೇವಾ...”

ಪ್ರಭಂಜನ ಸಂಶಿಯ ಶಾಲೆಗೆ ವರ್ಗವಾಗಿ ಬಂದ ಚಿತ್ರಕಲೆಯ ಮಾಸ್ತರ. ಹೆಂಡತಿ ಮಥುರಾಬಾಯಿಗೆ ಎರಡು ಸಲ ಬಸುರು ಇಳಿದುಹೋಗಿತ್ತು. ಈಗ ಮೂರನೆಯದು, ಏಳು ತುಂಬಿತ್ತು. ಹಗಲೆಲ್ಲ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಳಗಿನ ಅಲುಗಾಟಕ್ಕೆ ಕಾಯುತ್ತ ಕೂರುತ್ತಿದ್ದಳು. ಅವಳನ್ನು ನಗಿಸಲೆಂದೇ ಅವನು ಹಿತ್ತಲಲ್ಲಿ ಗುಜರಿಯ ತೋಟ ಹೂಡಿದ್ದ. ಟೈರು ಕತ್ತರಿಸಿ ಮಾಡಿದ ಕಮಲ, ಗಾಲಿಯ ತಟ್ಟೆಗಳ ಸೂರ್ಯಕಾಂತಿ. ಈಗ ಹಂಸ. ಕಾರಿನ ಮಡಗಾರ್ಡುಗಳೇ ರೆಕ್ಕೆ, ಹೊಗೆಕೊಳವೆಯೇ ಕತ್ತು. ಬಾಗಿಲಿನ ತಗಡನ್ನು ತೊಟ್ಟಿಲಿನಂತೆ ಬಗ್ಗಿಸಿದ ಬೆನ್ನಿನಲ್ಲಿ ಕೂಸು ಕೂರಬೇಕು.

ಬೆಸುಗೆ ಹಾಕಲು ಕುಂದಗೋಳದಿಂದ ಬಂದ ಅಬ್ದುಲಮಜೀದ ತಲೆ ಕೆರೆದುಕೊಂಡ. “ಹಂಸ ಅಂತೀರಿ ಸರ, ಅಗದಿ ಬಾತುಕೋಳಿ ಕಂಡಂಗ ಕಾಣತೈತಿ.”

ಮಥುರಾಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮನೆಯಲ್ಲಿ ಅವಳು ಹಾಗೆ ನಕ್ಕದ್ದು ಅದೇ ಕೊನೆ.

ಮರುದಿನ ಹಂಸದ ಕತ್ತಿಗೆ ಕಟ್ಟಿರುವೆಗಳು ಮುತ್ತಿದವು. ಪ್ರಭಂಜನ ಒರೆಸಿ ನೋಡಿದ. ಬೆರಳಿಗೆ ಬಿಳಿಯ ಅಂಟು. ಹಾಲಿನ ವಾಸನೆ. ಬಣ್ಣ ಬೆವರಿರಬೇಕು ಅಂದುಕೊಂಡ. ಮಟಮಟ ಮಧ್ಯಾಹ್ನ, ಗಾಳಿಯಿಲ್ಲದ ಹೊತ್ತಿನಲ್ಲಿ, ತಗಡು ತೊಟ್ಟಿಲು ತೂಗಿದಂತೆ ಕಿರ್, ಕಿರ್ ಎನ್ನತೊಡಗಿತು.

“ಏನಂದ್ರ,” ಎಂದಳು ಮಥುರಾಬಾಯಿ. “ಯಾರೋ ಹಿತ್ತಲದಾಗ ಜೋಗುಳ ಹಾಡ್ಲಿಕತ್ತಾರ.”

“ಬಿಸಲಿಗೆ ತಗಡು ಹಿಗ್ಗತದ. ಅದರ ಸಪ್ಪಳ.”

“ತಗಡು ಅಳತದೇನ್ರಿ?”

ಅವನು ಎದ್ದು ನೋಡಿದ. ಹಿತ್ತಲಿನಿಂದ ಮಥುರಾಬಾಯಿಯ ಮಂಚದವರೆಗೆ, ಬಿರುಬೇಸಿಗೆಯಲ್ಲಿ, ಹಸಿ ಎರೆಮಣ್ಣಿನ ಹೆಜ್ಜೆಗಳು ಬಿದ್ದಿದ್ದವು. ಅವಳ ಸೀರೆಯ ಮೇಲೆ, ಹೊಟ್ಟೆಯಿದ್ದಲ್ಲಿ, ಕೆಸರಿನ ಕೈಗುರುತು. ಹೊಡೆದದ್ದಲ್ಲ. ಸವರಿದ್ದು.

ಪ್ರಭಂಜನ ಯರಗುಪ್ಪಿಗೆ ಓಡಿದ. ಗುರವ್ವನಿಗೆ ಎಲ್ಲ ಹೇಳಿದ.

“ಮತ್ತ ಮೊಳಿ ಬಡೀತೀನಿ. ಏನ ಹೇಳ್ತೀಯೋ ಅದನ್ನ ಮಾಡ್ತೀನಿ.”

“ಕಿತ್ತ ಮೊಳಿ ಎಲ್ಲಿ ಅದಾವ್ರಿ?”

ಅವನು ಹಳ್ಳದ ಕಡೆ ಕೈ ತೋರಿದ. ಹಳ್ಳ ಕೆದಕಿದರು. ಕೆಸರು ಬಿಟ್ಟು ಏನೂ ಸಿಗಲಿಲ್ಲ.

“ಮಂತ್ರಗಾರನೂ ಸತ್ತಾನ್ರಿ,” ಎಂದಳು ಗುರವ್ವ. “ಆಕಿ ಕೆಟ್ಟಾಕಿ ಅಲ್ರಿ ಮಾಸ್ತರ್ರ. ಹಸದಾಳ ಅಷ್ಟ.”

ಇಬ್ಬರೂ ಸಂಶಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಪ್ರಭಂಜನ ನೇರ ಹಿತ್ತಲಿಗೆ ಹೋಗಿ ಸುತ್ತಿಗೆ ಎತ್ತಿದ. ರೆಕ್ಕೆಗೆ ಹೊಡೆದ. ಒಳಗೆ ಮಥುರಾಬಾಯಿ ಚೀರಿದಳು. ಮತ್ತೊಂದು ಏಟು. ಮತ್ತೊಂದು ಚೀತ್ಕಾರ. ತಗಡು ಹರಿದಲ್ಲಿ ಹಾಲು ಜಿನುಗಿತು. ಹಾಲಿನ ಹಿಂದೆ ರಕ್ತ.

“ಹೊಡೀಬ್ಯಾಡ್ರಿ!” ಗುರವ್ವ ಬಾಗಿಲಿನಿಂದ ಕೂಗಿದಳು. “ಆಕಿಗೆ ಹೊಡದ್ರ ಈಕಿಗೆ ಬೀಳತೈತಿ! ಕೂಸು ಹೊರಗ ಬರಾಕತ್ತೈತಿ!”

ಸುತ್ತಿಗೆ ಬಿತ್ತು. ಅವನು ಓಡಿದ. ಗುರವ್ವನ ಕೈಯಲ್ಲಿ ಕೂಸು. ಹೆಣ್ಣು. ದಿನ ತುಂಬದ್ದು. ಅಳಲಿಲ್ಲ. ಬೆನ್ನು ತಟ್ಟಿದರು. ಅಳಲಿಲ್ಲ. ಮಥುರಾಬಾಯಿ ಎದೆಗೆ ಹಚ್ಚಿಕೊಂಡಳು. ಮುಖ ತಿರುವಿತು. ತುಟಿ ನೀಲಿಗಟ್ಟಿತು. ಹಿತ್ತಲಲ್ಲಿ ತಗಡು ಕಿರ್, ಕಿರ್ ಅನ್ನುತ್ತಿತ್ತು.

ಮಥುರಾಬಾಯಿ ಎದ್ದಳು. ಹೇಗೆ ಎದ್ದಳೋ. ಗೋಡೆ ಹಿಡಿದು, ನೆಲಕ್ಕೆ ರಕ್ತ ತೊಟ್ಟಿಕ್ಕಿಸುತ್ತ, ಹಿತ್ತಲಿಗೆ ನಡೆದಳು. ಗಂಡ ಅಡ್ಡ ಬಂದ. ಅವನನ್ನು ನೋಡದೆಯೇ ದಾಟಿದಳು. ಕೂಸನ್ನು ಹಂಸದ ಬೆನ್ನಿನಲ್ಲಿ ಮಲಗಿಸಿದಳು.

“ತಗೋರಿ ಅಕ್ಕಾ. ನಿಮಗ ಇರ್ಲಿ. ಜೀವ ಒಂದು ಉಳಸ್ರಿ.”

ಕಿರುಗುಟ್ಟುವುದು ನಿಂತಿತು. ಗಾಳಿಯಿಲ್ಲ. ಉಸಿರಿಲ್ಲ. ಆಮೇಲೆ, ಚಪ್, ಚಪ್, ಹಾಲು ಚೀಪುವ ಸಪ್ಪಳ. ನೀಲಿ ತುಟಿ ಕೆಂಪಾಯಿತು. ಕೂಸು ಬಾಯಿ ಬಿಟ್ಟು ಅತ್ತಿತು. ಗುರವ್ವ ಕೈ ಚಾಚಿ ಹಂಸದ ಮೇಲಿನ ಗಾಳಿಯನ್ನು ತಡವಿದಳು. ಅವಳ ಕೈಗೆ ಏನೂ ಸಿಗಲಿಲ್ಲ.

ಕೂಸು ಬೆಳೆಯಿತು. ಕೈಕಾಲು ದುಂಡಗಾದವು. ಹಾಲು ಕಟ್ಟಿ ಮಥುರಾಬಾಯಿಗೆ ಜ್ವರ ಬಂದರೂ ಅವಳ ಹಾಲನ್ನು ಅದು ಒಂದು ತೊಟ್ಟೂ ಮುಟ್ಟಲಿಲ್ಲ. ಬರಬರುತ್ತ ಆ ಹಾಲು ಬತ್ತಿತು. ಅವಳು ಎತ್ತಿಕೊಂಡರೆ ಕೂಸು ಹೆದರಿ ಕಿರುಚುತ್ತದೆ, ಪರಕೀಯರು ಎತ್ತಿಕೊಂಡಂತೆ. ಹಂಸದಲ್ಲಿಟ್ಟರೆ ಯಾರನ್ನೋ ನೋಡಿ ಕಿಲಕಿಲ ನಗುತ್ತದೆ. ಪ್ರಭಂಜನ ಆ ತಗಡಿಗೆ ತುಕ್ಕು ಹಿಡಿಯದಂತೆ ದಿನವೂ ಎಣ್ಣೆ ಒರೆಸುತ್ತಾನೆ. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗೆ ಇಲ್ಲ.

ಮಧ್ಯಾಹ್ನ ಊರು ಮಲಗಿದ ಮೇಲೆ ಮಥುರಾಬಾಯಿ ಹಿತ್ತಲಿಗೆ ಬಂದು ನೆಲದ ಮೇಲೆ ಕೂರುತ್ತಾಳೆ. ಚೀಪುವ ಸಪ್ಪಳ ನಿಲ್ಲುವವರೆಗೆ ಕಾಯುತ್ತಾಳೆ. ಆಮೇಲೆ ಮಡಿಲು ಸರಿಮಾಡಿಕೊಂಡು, ಬಾಜು ಮನೆಯವಳನ್ನು ಕೇಳಿದಂತೆ, ಹಿಂಜರಿಯುತ್ತ ಕೇಳುತ್ತಾಳೆ.

“ಹೊಟ್ಟಿ ತುಂಬಿತೇನ್ರಿ ಅಕ್ಕಾ? ನಿದ್ದಿ ಹತ್ತಿದ್ರ... ಅದು ಏಳೂತನಕ, ಸ್ವಲ್ಪ ನನ್ನ ಹತ್ರ ಕೊಡ್ರಿ.”