ಬಲಗಿವಿಯ ಕಡೆಗೆ

ಬೆನ್ನಿಗೆ ಏನೋ ತಾಕಿದಾಗ ಕದಿರೇಶ ಗ್ರೈಂಡರ್ ಆಫ್ ಮಾಡಿ ತಿರುಗಿದ. ಕಾಲ ಬಳಿ ಒಂದು ಮಾವಿನ ಹೀಚು ಉರುಳುತ್ತಿತ್ತು. ಗೇಟಿನಲ್ಲಿ ಒಬ್ಬಳು ಹುಡುಗಿ, ಇನ್ನೊಂದು ಹೀಚನ್ನು ಅಂಗೈಯಲ್ಲಿ ತೂಗುತ್ತಾ ನಿಂತಿದ್ದಳು.

"ಎಷ್ಟು ಸಲ ಕರೆಯೋದು? ತೋಟದಲ್ಲಿ ನಾನು ಕೂಗಿದ್ರೆ ಆಚೆ ಊರಿನ ಗಿಣಿ ಏಳ್ತವೆ. ನೀವು ಅಲ್ಲಾಡ್ಲಿಲ್ಲ. ಶಿವಾರಪಟ್ಟಣದ ಶಿಲ್ಪಿಗಳಿಗೆ ಇಷ್ಟು ಗತ್ತಾ?"

"ಮಿಷಿನ್ ಸದ್ದು," ಎಂದ ಕದಿರೇಶ, ರೆಪ್ಪೆಯ ಮೇಲಿನ ಕಲ್ಲುಪುಡಿ ಒರೆಸಿಕೊಳ್ಳುತ್ತಾ.

ಅದು ಅರ್ಧ ನಿಜ. ಅವನ ಎಡಗಿವಿ ಮುಚ್ಚಿಹೋಗಿ ವರ್ಷಗಳಾಗಿದ್ದವು. ಆ ಕಡೆಯವರ ಮಾತನ್ನು ಅವನು ತುಟಿ ನೋಡಿ ತಿಳಿಯುತ್ತಿದ್ದ. ಮಿಷಿನ್ ಬಿಡದಿದ್ದರೆ ಬಲಗಿವಿಯೂ ಅದೇ ದಾರಿ ಹಿಡಿಯುತ್ತದೆ ಎಂದು ಕೋಲಾರದ ಡಾಕ್ಟರು ಹೇಳಿದ್ದರು. ಅದನ್ನು ಅವನು ತಾಯಿ ಆಂಜಿನಮ್ಮನಿಗೂ ತಿಳಿಸಿರಲಿಲ್ಲ.

ಹುಡುಗಿಯ ಹೆಸರು ಸುನಂದ. ಯಲ್ದೂರಿನ ಕಡೆಯವಳು. ಅವಳ ಹಿಂದೆಯೇ ಅಪ್ಪ ಸೊಣ್ಣಪ್ಪ ಚೀಲ ಹಿಡಿದು ಬಂದ. ಊರ ಕೆರೆಯ ಗಂಗಮ್ಮನ ಮೂಗು ಎಷ್ಟೋ ವರ್ಷದ ಹಿಂದೆಯೇ ಮುಕ್ಕಾಗಿತ್ತು. ಮುಕ್ಕಾದ ಮೂರ್ತಿಗೆ ಪೂಜೆಯಿಲ್ಲ. ಹೊಸದು ಬೇಕು, ಶ್ರಾವಣದೊಳಗೆ. ಕದಿರೇಶ ಒಪ್ಪಿಕೊಂಡ. ಕೃಷ್ಣಶಿಲೆಯ ಕಲ್ಲೊಂದು ಅಂಗಳದಲ್ಲೇ ಇತ್ತು.

ಕೆಲಸ ಎಲ್ಲಿಗೆ ಬಂತೆಂದು ನೋಡುವ ನೆಪದಲ್ಲಿ ಸೊಣ್ಣಪ್ಪ ಆಗಾಗ ಬರುತ್ತಿದ್ದ. ಅವನ ಜೊತೆ ಬರಲು ಸುನಂದಳಿಗೆ ಒಂದೊಂದು ಸಲ ಒಂದೊಂದು ನೆಪ. ಅವಳು ಮಾತಾಡುತ್ತಿದ್ದರೆ ಕದಿರೇಶನ ಉಳಿ ತಾನಾಗಿ ನಿಧಾನವಾಗುತ್ತಿತ್ತು. ತಮಾಷೆ ಹೇಳಿ ಮುಗಿಸುವ ಮೊದಲೇ ಅವಳಿಗೆ ನಗು ಬಂದುಬಿಡುತ್ತಿತ್ತು. ನಗು ತಡೆಯಲು ಕೆಳತುಟಿ ಕಚ್ಚಿಕೊಂಡು ಓರೆಯಾಗಿ ನೋಡುವಳು. ಇವನಿಗೂ ನಗು ಬಂತೋ ಇಲ್ಲವೋ ಎಂಬ ತಪಾಸಣೆ ಅದು.

ಅವಳು ಬರುವ ಹೊತ್ತಿಗೆ ಕದಿರೇಶ ಸ್ಟೂಲನ್ನು ತನ್ನ ಬಲಗಡೆ ಇಟ್ಟಿರುತ್ತಿದ್ದ. ನೆರಳಿಗೆಂದು ಇಟ್ಟಿದ್ದಾನೆ ಎಂದೇ ಅವಳು ತಿಳಿದಿದ್ದಳು.

ಒಂದು ದಿನ ಟೀ ಕುಡಿಯುವಾಗ ಅವಳೇ ಕೇಳಿದಳು. "ದೇವರು ಬಂದು, ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ, ಐದರಲ್ಲಿ ಒಂದು ವಾಪಸ್ ಕೊಡು ಅಂದ್ರೆ ಯಾವ್ದು ಕೊಡ್ತೀರ?"

"ನಾನು ಮೂಗು ಕೊಟ್ಬಿಡ್ತೀನಮ್ಮ," ಎಂದಳು ಆಂಜಿನಮ್ಮ. "ಇವನ ಬೆವರಂಗಿ ಒಗೆಯೋಳು ನಾನು ತಾನೆ."

"ನಂಗೆ ಮೂಗು ಬೇಕೇಬೇಕು ಅಮ್ಮ. ಮಾವು ಪಕ್ವವಾಯ್ತೋ ಇಲ್ವೋ ತೋಟದ ಬಾಗಿಲಲ್ಲೇ ಗೊತ್ತಾಗ್ಬೇಕು. ನಾಲಿಗೆ ಕೊಡ್ತೀನಿ."

"ನೀವಾ? ನಾಲಿಗೆ?" ಕದಿರೇಶ ಹುಬ್ಬೇರಿಸಿದ.

"ರುಚಿ ಮಾತ್ರ ಸ್ವಾಮಿ. ಮಾತು ಯಾರಪ್ಪನಿಗೂ ಕೊಡಲ್ಲ. ನೀವು ಹೇಳಿ."

"ಕಿವಿ."

ತಡೆಯದೆ ಬಂದ ಉತ್ತರ. ಅವನು ಅದನ್ನು ಎಂದೋ ತೀರ್ಮಾನಿಸಿಬಿಟ್ಟಿದ್ದ. "ಕಣ್ಣು, ಕೈ ಇದ್ರೆ ಕಲ್ಲಿಗೆ ಸಾಕು. ಕಿವಿ ಇಟ್ಕೊಂಡು ಏನ್ ಮಾಡೋದು?"

ಸುನಂದ ಲೋಟ ಕೆಳಗಿಟ್ಟಳು. "ಹಂಗಾದ್ರೆ ಇಷ್ಟು ದಿನ ನಾನು ಗೋಡೆ ಜೊತೆ ಮಾತಾಡ್ತಿದ್ದೆ."

ಬಸ್ಸಿಗೆ ಹೊರಡುವವರೆಗೂ ಅವಳು ತುಟಿ ಬಿಚ್ಚಲಿಲ್ಲ. ಅಂಗಳದಲ್ಲಿ ಏನೋ ಕಳೆದುಹೋದಂತಾಗಿ ಕದಿರೇಶ ಸುಮ್ಮನೆ ಉಳಿ ಹುಡುಕಿದ. ಉಳಿ ಕೈಯಲ್ಲೇ ಇತ್ತು.

ಮುಂದಿನ ಸಲ ಬಂದಾಗಲೂ ಅವಳದು ಅದೇ ಮೌನ. ಮಾತಿಲ್ಲದಿದ್ದರೆ ಕೈಗೆ ಕೆಲಸ ಬೇಕಲ್ಲ, ಸಣ್ಣ ಸುತ್ತಿಗೆ ಎತ್ತಿಕೊಂಡು, ಅರ್ಧ ಮೂಡಿದ್ದ ಗಂಗಮ್ಮನನ್ನು ಹಲಸಿನಹಣ್ಣು ಬಡಿದು ನೋಡುವಂತೆ ಮೆಲ್ಲಗೆ ಬಡಿಯುತ್ತಾ ಹೋದಳು. ಎಡಭುಜದ ಹತ್ತಿರ ಕೈ ನಿಂತಿತು. ಮತ್ತೆ ಬಡಿದಳು.

"ರೀ, ಕೇಳಿ. ಇಲ್ಲೆಲ್ಲ ಗಂಟೆ ಹಂಗೆ ಅನ್ನುತ್ತೆ. ಇಲ್ಲಿ ಮಾತ್ರ ಕೊಳೆತ ಹಣ್ಣಿನ ಸದ್ದು."

ಕದಿರೇಶ ಬಲಗಿವಿ ಒಡ್ಡಿದ. ಅವನಿಗೆ ಎಲ್ಲ ಕಡೆಯೂ ಒಂದೇ ಸದ್ದು. ಆದರೂ ಒದ್ದೆ ಬಟ್ಟೆ ತಂದು ಕಲ್ಲನ್ನು ಒರೆಸಿದ. ಗಾಳಿಗೆ ನೀರು ಆರುತ್ತಾ ಬಂತು. ಭುಜದಿಂದ ಎದೆಯ ತನಕ ಕೂದಲೆಳೆಯಂಥ ಒಂದು ಗೆರೆ ಮಾತ್ರ ಕಪ್ಪಗೆ ಉಳಿಯಿತು.

ಅವನು ಅಲ್ಲೇ ಕುಳಿತುಬಿಟ್ಟ. ದೇವರ ಕಲ್ಲು ಗಂಟೆಯಂತೆ ನುಡಿಯಬೇಕು; ಒಳಬಿರುಕು ಕಣ್ಣಿಗೆ ಕಾಣುವ ಮೊದಲು ಕಿವಿಗೆ ಸಿಗುತ್ತದೆ. ಅವನ ಅಪ್ಪ ಕೈಗೆ ಉಳಿ ಕೊಡುವುದಕ್ಕೂ ಮೊದಲು ಕಲಿಸಿದ್ದು ಅದನ್ನೇ. ಈ ಕಲ್ಲನ್ನು ಅವನೂ ಬಡಿದು ನೋಡಿದ್ದ. ನುಡಿಯಿತು ಎಂದುಕೊಂಡಿದ್ದ.

ಸುನಂದಳಿಗೆ ಎಲ್ಲವನ್ನೂ ಹೇಳಿದ. ಎಡಗಿವಿ, ಬಲಗಿವಿ, ಡಾಕ್ಟರ ಮಾತು.

ಅವಳು ಅಯ್ಯೋ ಎನ್ನಲಿಲ್ಲ. ಸ್ಟೂಲನ್ನು ನೋಡಿದಳು, ಅದು ಇದ್ದ ಜಾಗವನ್ನು ನೋಡಿದಳು. "ನೆರಳಿಗಲ್ಲ ಹಂಗಾದ್ರೆ."

"ಅಲ್ಲ."

"ಈಗೇನ್ ಮಾಡ್ತೀರ?"

"ಹೊಸ ಕಲ್ಲು. ಶ್ರಾವಣಕ್ಕೆ ಅಂತ ಮಾತು ಕೊಟ್ಟಿದೀನಿ. ಮಿಷಿನ್ ಇಲ್ದೆ ಆಗಲ್ಲ."

"ಅಂದ್ರೆ ಕಿವಿ ಕೊಡ್ತೀರ."

ಅವನು ಒದ್ದೆ ಬಟ್ಟೆಯನ್ನು ಹಿಂಡಿ ಮಡಚಿಟ್ಟ.

"ನಿಮ್ಮ ಕಿವಿ. ನಾನು ಹೇಳೋಕೆ ಯಾರು?" ಎಂದವಳು ಅಪ್ಪನನ್ನು ಕರೆದುಕೊಂಡು ಹೊರಟೇಬಿಟ್ಟಳು.

ಸಂಜೆ ಕದಿರೇಶ ಗ್ರೈಂಡರಿನ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತ. ಏನೇನು ಹೋಗುತ್ತದೆ ಎಂದು ಅವನು ಈವರೆಗೆ ಎಣಿಸಿಯೇ ಇರಲಿಲ್ಲ. ಲಾರಿ ಸದ್ದು, ನಾಯಿಯ ಬೊಗಳಿಕೆ, ಹೋದರೆ ಹೋಗಲಿ. ಆದರೆ ಅವಳ "ರೀ", ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎಳೆಯುವ ಆ ರೀ. ತಮಾಷೆಗಿಂತ ಮೊದಲು ಬರುವ ನಗು. ಕಣ್ಣಿಗೆ ಆ ನಗುವಿನ ಹಲ್ಲು ಕಂಡೀತು, ನಗು ಸಿಕ್ಕೀತೇ?

ಅವನು ಪ್ಲಗ್ ಕಿತ್ತು, ವೈರು ಸುತ್ತಿ, ಗ್ರೈಂಡರನ್ನು ಅಟ್ಟಕ್ಕೆ ಎತ್ತಿಟ್ಟ. ಆಮೇಲೆ ಸೊಣ್ಣಪ್ಪನಿಗೆ ಫೋನ್ ಮಾಡಿದ.

"ಶ್ರಾವಣಕ್ಕೆ ಆಗಲ್ಲ ಅಣ್ಣ. ಕೈಯಲ್ಲೇ ಕಡೀತೀನಿ. ಬೇಡ ಅಂದ್ರೆ ಬೇರೆಯವರನ್ನ ನೋಡ್ಕೊಳ್ಳಿ."

"ಊರೋರು ನನ್ನ ಬೈತಾರಪ್ಪ," ಎಂದ ಸೊಣ್ಣಪ್ಪ. ಹಿಂದಿನಿಂದ ಯಾರೋ ಏನೋ ಹೇಳಿದರು. "ಇರು, ನನ್ ಮಗಳು ಏನೋ ಅಂತಾವ್ಳೆ. ಮೂಗು ಮುಕ್ಕಾಗಿ ಇಷ್ಟು ವರ್ಷ ಕಾದಿರೋ ಗಂಗಮ್ಮ ಮಾವು ಹೂ ಬಿಡೋಗಂಟ ಕಾಯಲ್ವಾ ಅಂತಾಳೆ. ಪೋನೀಲೇ, ಹೋಗ್ಲಿ ಬಿಡು, ಕೈಯಲ್ಲೇ ಕಡಿ. ಊರೋರಿಗೆ ಅವಳೇ ಉತ್ತರ ಕೊಡ್ತಾಳಂತೆ."

ಹೊಸ ಕಲ್ಲನ್ನು ಇಬ್ಬರೂ ಸೇರಿ ಆರಿಸಿದರು. ಅವಳು ಬಡಿದಳು, ಅವನು ಅವಳ ಮುಖ ನೋಡಿದ. ಕಲ್ಲು ನುಡಿದಾಗ ಅದು ಮೊದಲು ಅವಳ ಕಣ್ಣಲ್ಲೇ ತಿಳಿಯಿತು.

ಯಲ್ದೂರಿನ ತೋಟಗಳೆಲ್ಲ ಹೂ ಹೊತ್ತು ನಿಂತಾಗ ಗಂಗಮ್ಮ ಕೆರೆಯ ಏರಿಗೆ ಬಂದಳು. ಕಣ್ಣು ತೆರೆಸುವುದೊಂದು ಬಾಕಿ. ತೆರೆದ ದೇವರ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು. ಅದಕ್ಕೇ ಸೊಣ್ಣಪ್ಪ ಮೂರ್ತಿಯ ಮುಂದೆ ದೊಡ್ಡ ಕನ್ನಡಿ ಹಿಡಿದಿದ್ದ. ಕದಿರೇಶ ಮೂರ್ತಿಯ ಪಕ್ಕದಲ್ಲಿ ನಿಂತು, ಕನ್ನಡಿಯನ್ನೇ ನೋಡುತ್ತಾ, ಸಣ್ಣ ಉಳಿಯಿಂದ ಕಣ್ಣಿನ ಗೊಂಬೆ ಬಿಡಿಸುತ್ತಿದ್ದ. ಊರೆಲ್ಲ ದೂರ ಸರಿದಿತ್ತು. ನೀರಿನ ತಂಬಿಗೆ ಹಿಡಿದ ಸುನಂದ ಮಾತ್ರ ಅವನ ಎಡಕ್ಕೆ, ಬೆನ್ನಿಗೆ ಹತ್ತಿರವಾಗಿ ನಿಂತಿದ್ದಳು.

ಎರಡನೆಯ ಕಣ್ಣೂ ತೆರೆಯಿತು. ಉಳಿ ಕೆಳಗಿಳಿಯಿತು.

ಆಗ ಕನ್ನಡಿಯಲ್ಲಿ, ಗಂಗಮ್ಮನ ಹೊಸ ಕಣ್ಣುಗಳ ಪಕ್ಕದಲ್ಲೇ, ಸುನಂದಳ ತುಟಿಗಳು ಅಲ್ಲಾಡಿದ್ದು ಅವನಿಗೆ ಕಂಡಿತು. ಎಡಗಿವಿಯ ಹತ್ತಿರ ಬಾಗಿ, ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ, ಅವಳು ನಿಧಾನವಾಗಿ ಏನೋ ಹೇಳಿದಳು. ಹೇಳಿ, ಯಾರಾದರೂ ನೋಡಿದರೇನೋ ಎಂದು ತಂಬಿಗೆಯ ಕಡೆ ತಲೆ ತಗ್ಗಿಸಿದಳು.

ಕದಿರೇಶ ತಿರುಗಲಿಲ್ಲ. ಕನ್ನಡಿಯಲ್ಲೇ ಅವಳನ್ನು ನೋಡಿದ.

"ನೋಡ್ಬಿಟ್ಟೆ ಸುನಂದ," ಎಂದ ಮೆಲ್ಲಗೆ.

ಅವಳು ತಂಬಿಗೆಯಿಂದ ತಲೆ ಎತ್ತಿದಳು. "ಏನ್ ನೋಡಿದ್ರಿ?"

"ನೀನು ಹೇಳಿದ್ದು." ಅವನು ಉಳಿಯನ್ನು ಗಂಗಮ್ಮನ ಪಾದದ ಬಳಿ ಇಟ್ಟ. "ಈಗ ಈ ಕಡೆ ಬಾ. ಬಲಗಡೆ ನಿಂತು ಇನ್ನೊಂದ್ ಸಲ ಹೇಳು. ಈ ಕಿವಿ ಉಳಿಸ್ಕೊಂಡಿರೋದೇ ಅದಕ್ಕೆ."