ಖಾಲಿ ನಾಲ್ಕು

"ನಾ ಏನೂ ಅಳಿಸಿಲ್ರಿ ಮೇಡಂ. ನಾಳೆ ಪೊಲೀಸ್ರಿಗೆ ಕೊಡ್ತೀವಿ ಅನ್ನಾಕತ್ತಾರ."

ಹೀಗೆಂದ ಮಕ್ಬೂಲ್ ಹುಮನಾಬಾದಿನ ಔಷಧ ಕಾರ್ಖಾನೆಯೊಂದರ ಆಪರೇಟರ್. ಅವನ ಪಾಳಿಯಲ್ಲಿ ಹಸಿ ಪುಡಿಯನ್ನು ಗರಗರ ತಿರುಗಿಸಿ ನೀರು ತೆಗೆಯುವ ಯಂತ್ರ ಮುರಿದಿತ್ತು. ಅದರ ಅದುರುವಿಕೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದಿಡುವ ಪುಟ್ಟ ಲಿನಕ್ಸ್ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಮುರಿದ ಗಳಿಗೆಯ ದಾಖಲೆಯೇ ಇರಲಿಲ್ಲ. ತಪ್ಪು ಮುಚ್ಚಲು ಮಕ್ಬೂಲನೇ ಅಳಿಸಿದ ಎಂದು ಮೆಂಟೇನೆನ್ಸ್ ಇಂಜಿನಿಯರ್ ನಾಗನಾಥ ಎಲ್ಲರೆದುರು ಅವನನ್ನು ಕಳ್ಳ ಎಂದಿದ್ದರು.

ಅವನು ಹುಡುಕಿಕೊಂಡು ಬಂದಿದ್ದ ಮೇಡಂ, ದೀಪಾಲಿ, ಬಸವಕಲ್ಯಾಣದ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು. ನಾನು, ಸೂರ್ಯಕಾಂತ, ಅದೇ ಕಾಲೇಜಿನಲ್ಲಿ ಗಣಿತ. ಅವಳ ಪತ್ತೇದಾರಿಕೆಗೆ ಬೈಕು ಓಡಿಸುವುದು, ಕೊನೆಗೆ ತಲೆದೂಗುವುದು ನನ್ನ ಪಾಲಿನ ಕೆಲಸ.

ಕಾರ್ಖಾನೆಯಲ್ಲಿ ಅವಳು ಹಳೆಯ ದಾಖಲೆಗಳನ್ನೆಲ್ಲ ತೆರೆದಳು. ಯಂತ್ರ ಪೂರ್ತಿ ವೇಗದಲ್ಲಿದ್ದಾಗೆಲ್ಲ ಅಲ್ಲಲ್ಲಿ ಅಳತೆಯೇ ಇಲ್ಲದ ತೂತು, ವಾರದಿಂದ ವಾರಕ್ಕೆ ಅದುರುವಿಕೆ ಜಾಸ್ತಿ. ಮಕ್ಬೂಲ್ ತಂಗಿಯ ಮದುವೆಗೆಂದು ರಜೆ ಹಾಕಿ ಮುಡಬಿಯಲ್ಲಿದ್ದ ದಿನಗಳಲ್ಲೂ ತೂತುಗಳಿದ್ದವು. ಪೆಟ್ಟಿಗೆಯ ಸೆಟ್ಟಿಂಗ್ ಹೇಳಿಕೊಟ್ಟವರು ಯಾರೆಂದು ಕೇಳಿದಳು. ಪೆಟ್ಟಿಗೆ ಮಾರಿದ ಕಂಪನಿಯ ಇಂಜಿನಿಯರ್, ಧಾರವಾಡದ ಸ್ನೇಹಲ್, ಫೋನಿನಲ್ಲಿ, ಎಂದರು ನಾಗನಾಥ.

"ಅಕಿ ಅಂದ ಮಾತು ಇದ್ದಂಗ ಹೇಳ್ರಿ."

"'ಬಫರ್ ಖಾಲಿ ನಾಲ್ಕು ಇಡ್ರಿ' ಅಂದ್ರು. ನಾಲ್ಕೇ ಇಟ್ಟೀನಿ."

ದೀಪಾಲಿ ನಕ್ಕಳು. ನನಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ಅವಳು ಸ್ನೇಹಲ್‌ಗೆ ಫೋನ್ ಮಾಡಿ, ಬಫರ್ ಹೆಚ್ಚಿಸಿ, ಪೆಟ್ಟಿಗೆಯನ್ನು ಪಕ್ಕದ ಯಂತ್ರಕ್ಕೆ ಜೋಡಿಸಿ ಪೂರ್ತಿ ವೇಗದಲ್ಲಿ ಓಡಿಸಿದಳು. ಒಂದೂ ತೂತು ಬೀಳಲಿಲ್ಲ.

ಸಂಜೆ ಮ್ಯಾನೇಜರ್ ಗುರುನಾಥರ ಕೋಣೆಯಲ್ಲಿ ಎಲ್ಲರೂ ಸೇರಿದರು.

"ಬಫರ್ ಅಂದ್ರ ನೆನಪಿನ್ಯಾಗಿನ ಕೊಡ," ಎಂದಳು ದೀಪಾಲಿ. "ಅಳತೆ ಬಂದು ಕೊಡ ತುಂಬತದ. ಪೆಟ್ಟಿಗಿ ಅದನ್ನ ಮೆಮೊರಿ ಕಾರ್ಡಿಗೆ ಬರದು ಬರಿದು ಮಾಡ್ತದ. ಕಾರ್ಡ್ ಒಂದೀಟು ತಡ ಮಾಡಿದ್ರ, ಬರಿದಾದ ಕೊಡ ಇಲ್ದ ಅಳತೆ ಚೆಲ್ಲಿ ಹೋಗ್ತದ. ಅಳಿಸಿದವರು ಯಾರೂ ಇಲ್ರಿ, ಅದು ದಾಖಲಾಗೇ ಇಲ್ಲ. ಸ್ನೇಹಲ್ ಹೇಳಿದ್ದು, ಯಾವಾಗ್ಲೂ ನಾಲ್ಕು ಕೊಡ ಬರಿದು ಇರೋ ಹಂಗ ಇಡ್ರಿ ಅಂತ. ನಮ್ಮ ಬೀದರ್ ಕಡೆ ಖಾಲಿ ಅಂದ್ರ 'ಬರೇ' ಅಂತನೂ ಆಗ್ತದಲ್ರಿ. ನಾಗನಾಥ ಅವ್ರು ಬರೇ ನಾಲ್ಕು ಇಟ್ರು."

"ಮತ್ತ ಯಂತ್ರ ಮುರದದ್ದು?" ಗುರುನಾಥ ಕೇಳಿದರು.

"ವಾರ ವಾರ ಅದುರೋದು ಏರ್ಯದ. ಬಿಚ್ಚಿ ನೋಡಿದ್ವಿ, ಬೇರಿಂಗ್ ಸವದದ. ಅದನ್ನ ನೋಡೋದು ಮಕ್ಬೂಲನ ಕೆಲಸ ಅಲ್ರಿ."

ಎಲ್ಲರ ಕಣ್ಣು ನಾಗನಾಥರತ್ತ ಹೊರಳಿತು. ಗುರುನಾಥರು ಪೊಲೀಸರ ಮಾತು ಬಿಟ್ಟು, ನಾಳೆಯಿಂದ ಕೆಲಸಕ್ಕೆ ಬಾ ಎಂದು ಮಕ್ಬೂಲನಿಗೆ ಹೇಳಿದರು. ನಾಗನಾಥ ಎದ್ದು ಕೈಚಾಚಿದರು. ಮಕ್ಬೂಲ್ ಕೈ ಕೊಡಲಿಲ್ಲ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

"ಇಡೀ ಪಾಳಿ ಮುಂದ ಕಳ್ಳ ಅಂದೀರಿ ಸಾಹೇಬ್ರ," ಎಂದ ಅವನು ಮೆಲ್ಲಗೆ. "ನಡೀರಿ, ಅವರಿನ್ನೂ ಮನಿಗಿ ಹೋಗಿಲ್ಲ."

ನಾಗನಾಥ ತಲೆತಗ್ಗಿಸಿ ಅವನ ಹಿಂದೆ ನಡೆದರು.