ಮೆಹೆರಾಜಳ ಮದುವೆಯ ಫೋಲ್ಡರು

ಯರಗಟ್ಟಿಯ ನಮ್ಮ ಫೋಟೋ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಒಂದು ಸಣ್ಣ ಪ್ರೋಗ್ರಾಮಿದೆ. ಯಾವ ಫೋಲ್ಡರು ಎಷ್ಟು ಬೆಳೆಯಿತೆಂದು ಅದು ತೆರೆಯ ಹಿಂದೆ ಕೂತು ನೋಡುತ್ತಿರುತ್ತದೆ. ನನ್ನ ಪಾಲುದಾರ ಖಾಸಿಮಸಾಬ ತನ್ನ ಮಗಳು ಮೆಹೆರಾಜಳ ಮದುವೆಯನ್ನು ತಾನೊಬ್ಬನೇ ಶೂಟ್ ಮಾಡಿ, ಎಡಿಟಿಂಗ್ ಅರ್ಧಕ್ಕೆ ಬಿಟ್ಟು ತೀರಿಕೊಂಡ. ಆಮೇಲೆ ಪ್ರತಿ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಹೊತ್ತಿಗೆ, ಯಾರೂ ಮುಟ್ಟದ ಆ ಮದುವೆಯ ಫೋಲ್ಡರು ಬೆಳೆದಿರುತ್ತಿತ್ತು. ಅವನ ಕುರ್ಚಿ ಬೆಚ್ಚಗಿರುತ್ತಿತ್ತು.

ಡಿಸ್ಕ್ ತುಂಬಿತು. ಅಳಿಸಲೇ ಎಂದು ಅವನ ಹೆಂಡತಿ ಕಾಶಿಂಬಿಯನ್ನು ಕೇಳಿದೆ.

"ಬ್ಯಾಡ್ರಿ ಅಣ್ಣಾರ. ಕೆಲಸಾ ಅರ್ಧಾ ಬಿಡೋರಲ್ಲ ಅವ್ರು. ಮುಗಿಸ್ಲಿ ಬಿಡ್ರಿ," ಅಂದಳು.

ಹೊಸ ಡಿಸ್ಕ್ ಹಾಕಿಸಿದೆ. ಕಳೆದ ಶುಕ್ರವಾರ ಫೋಲ್ಡರು ಬೆಳೆಯಲಿಲ್ಲ, ಕುರ್ಚಿಯೂ ತಣ್ಣಗಿತ್ತು. ಕಾಶಿಂಬಿಯನ್ನು ಕರೆಸಿ ವಿಡಿಯೋ ಹಚ್ಚಿದೆ. ಕೊನೆಯಲ್ಲಿ ಖಾಸಿಮಸಾಬ ಮಗಳ ತಲೆಯ ಮೇಲೆ ಕೈಯಿಟ್ಟು ನಿಂತಿದ್ದಾನೆ. ಕ್ಯಾಮೆರಾ ಮೆಲ್ಲಗೆ ಅವರಿಬ್ಬರ ಸುತ್ತ ತಿರುಗುತ್ತದೆ.

ಮದುವೆಯ ದಿನ ಕ್ಯಾಮೆರಾ ಹಿಡಿದವನು ಅವನೊಬ್ಬನೇ.